ಹೊಸ ಕಂಪ್ಯೂಟರಿಗೆ ವಿಂಡೋಸ್: ಕಡಿಮೆ ಖರ್ಚಿನಲ್ಲಿ ಅಸಲಿ ಲೈಸೆನ್ಸ್ ಪಡೆಯುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಅಂಗಡಿಯಲ್ಲಾಗಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದರೆ ಮೊದಲು ಕೈಗೆ ಬರುವುದು ಕೊಟೇಶನ್. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್ ಎಲ್ಲ ಬರೆದ ಮೇಲೆ ಕೊನೆಯ ಸಾಲಿನಲ್ಲಿ ‘ಓಎಸ್ ಇನ್‌ಸ್ಟಲೇಶನ್’ ಎಂದು ಕೆಲವು ನೂರು ರೂಪಾಯಿ ಸೇರಿಸಿರುತ್ತಾರೆ. ಎಷ್ಟೋ ಜನ ಅದನ್ನೇ ವಿಂಡೋಸ್‌ನ ಬೆಲೆ ಎಂದುಕೊಂಡು ಮನೆಗೆ ಬರುತ್ತಾರೆ. ಅದು ವಿಂಡೋಸ್ ಹಾಕಿಕೊಟ್ಟ ಕೂಲಿ ಅಷ್ಟೇ. ಆ ವಿಂಡೋಸ್‌ಗೆ ಲೈಸೆನ್ಸ್ ಇದೆಯೇ, ಇದ್ದರೆ ಯಾರ ಹೆಸರಿನದು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ದುಡ್ಡು ಕೊಡುವ ಮೊದಲೇ ಕೇಳಬೇಕು.

ಅಸಲಿ ಲೈಸೆನ್ಸ್ ಎಂದ ಕೂಡಲೇ ಹತ್ತು ಸಾವಿರದ ಲೆಕ್ಕ ಕಣ್ಣಮುಂದೆ ಬರುವುದರಿಂದ ಜನ ಹಿಂಜರಿಯುವುದು ಸಹಜ. ಆದರೆ ಎಲ್ಲರೂ ಅಷ್ಟು ಕೊಡಬೇಕಾಗಿಲ್ಲ. ಕೆಲವರು ಏನನ್ನೂ ಕೊಡಬೇಕಾಗಿಲ್ಲ.

ಲ್ಯಾಪ್‌ಟಾಪ್ ಕೊಳ್ಳುವವರು

ಇವರಿಗೆ ದಾರಿ ಸುಲಭ. ಒಂದೇ ಮಾದರಿಯ ಲ್ಯಾಪ್‌ಟಾಪ್ ವಿಂಡೋಸ್ ಸಹಿತವಾಗಿಯೂ ಸಿಗುತ್ತದೆ, ‘ಫ್ರೀಡಾಸ್’ ಎಂದು ಖಾಲಿಯಾಗಿಯೂ ಸಿಗುತ್ತದೆ. ಖಾಲಿಯದು ಅಗ್ಗ ಎಂದು ಅದನ್ನೇ ಎತ್ತಿಕೊಳ್ಳಬೇಡಿ. ತಯಾರಕರು ಲಕ್ಷಗಟ್ಟಲೆ ಯಂತ್ರಗಳಿಗೆ ಒಟ್ಟಿಗೆ ಲೈಸೆನ್ಸ್ ಪಡೆಯುವುದರಿಂದ ಅವರಿಗೆ ಬೀಳುವ ದರ ಬಹಳ ಕಡಿಮೆ. ಹಾಗಾಗಿ ಎರಡು ಮಾದರಿಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ನೀವು ಆಮೇಲೆ ಬಿಡಿಯಾಗಿ ಕೊಳ್ಳುವ ಲೈಸೆನ್ಸ್‌ಗಿಂತ ಕಡಿಮೆಯೇ ಇರುತ್ತದೆ. ವಿಂಡೋಸ್ ಬೇಕೇ ಬೇಕು ಎನ್ನುವವರಿಗೆ ಇದಕ್ಕಿಂತ ಅಗ್ಗದ ಅಸಲಿ ದಾರಿ ಇಲ್ಲ.

ನಮ್ಮಲ್ಲಿ ಹೀಗೆ ಬರುವುದು ಹೆಚ್ಚಾಗಿ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿ. ಹೆಸರು ನೋಡಿ ಕನ್ನಡ ಟೈಪ್ ಮಾಡಲಾಗದೇನೋ ಎಂದು ಹೆದರುವವರಿದ್ದಾರೆ. ಮೆನು, ಸೆಟ್ಟಿಂಗ್ಸ್ ಒಂದೇ ಭಾಷೆಯಲ್ಲಿರುತ್ತವೆ ಎಂಬುದಷ್ಟೇ ಅದರ ಅರ್ಥ. ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಲು, ನುಡಿ ಅಥವಾ ಬರಹ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಕೊಳ್ಳುವ ಮೊದಲು ಇರುವುದನ್ನು ನೋಡಿ

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ ವಿಂಡೋಸ್‌ನ ಕೀ ಮದರ್‌ಬೋರ್ಡಿನ ಬಯಾಸ್ ಒಳಗೇ ಇರುತ್ತದೆ. ಹಾರ್ಡ್‌ಡಿಸ್ಕ್ ಬದಲಿಸಿದರೂ ಅದು ಹೋಗುವುದಿಲ್ಲ. ವಿಂಡೋಸ್ 10 ಅಥವಾ 11ರೊಂದಿಗೆ ಬಂದ ಯಂತ್ರಕ್ಕೆ ಅದೇ ಆವೃತ್ತಿಯನ್ನು ಹೊಸದಾಗಿ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ಅದು ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತದೆ. ಇಂಥ ಯಂತ್ರವನ್ನು ‘ಫಾರ್ಮ್ಯಾಟ್’ ಮಾಡಲು ಕೊಟ್ಟಾಗ ಹೊಸ ಕೀಗೆ ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ.

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ರೀಫರ್ಬಿಶ್ಡ್ ಎಂದು ಮಾರುತ್ತಾರಲ್ಲ, ಕೈ ಬಿಗಿ ಇರುವ ವಿದ್ಯಾರ್ಥಿಗಳಿಗೆ ನಾನು ಅದನ್ನೇ ಹೇಳುವುದು. ಅವುಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ ಪ್ರೊ ಲೈಸೆನ್ಸ್ ಇರುತ್ತದೆ. ಒಂದೇ ಎಚ್ಚರಿಕೆ: ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಎಎಂಡಿ ಆದರೆ ರೈಜೆನ್ 3000 ಸರಣಿ ಅಥವಾ ಅದಕ್ಕಿಂತ ಹೊಸದು ಇರಲಿ. ಅದಕ್ಕಿಂತ ಹಳೆಯದರಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ವಿಂಡೋಸ್ 7 ಅಥವಾ 8ರ ಕೀ ಹಾಕಿ 10, 11ನ್ನು ಆ್ಯಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲೇ ಮುಚ್ಚಿತು.

ಅಸೆಂಬಲ್ ಮಾಡಿಸುವವರು

ಇವರು ನಿಜವಾಗಿಯೂ ಲೈಸೆನ್ಸ್ ಕೊಳ್ಳಬೇಕು. ಅದರಲ್ಲಿ ಎರಡು ಬಗೆ. ಡಬ್ಬಿಯಲ್ಲಿ ಪೆನ್‌ಡ್ರೈವ್ ಇಟ್ಟು ಕೊಡುವುದು, ಇಲ್ಲವೇ ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಿಂದ ಪಡೆಯುವುದು ರಿಟೇಲ್. ತೆಳ್ಳನೆಯ ಪ್ಯಾಕಿನಲ್ಲಿ ಡಿವಿಡಿ ಮತ್ತು ಸ್ಟಿಕ್ಕರ್ ಇಟ್ಟು ಕೊಡುವುದು ಒಇಎಂ. ಕಂಪ್ಯೂಟರ್ ಜೋಡಿಸಿ ಮಾರುವವರಿಗೆಂದು ಬಂದ ಒಇಎಂ ತುಸು ಅಗ್ಗ. ಆದರೆ ಅದು ಹಾಕಿದ ಮದರ್‌ಬೋರ್ಡಿಗೇ ಅಂಟಿಕೊಳ್ಳುತ್ತದೆ, ಮುಂದಿನ ಕಂಪ್ಯೂಟರಿಗೆ ಬರುವುದಿಲ್ಲ. ರಿಟೇಲ್ ಆದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ನಾಲ್ಕೈದು ವರ್ಷಕ್ಕೊಮ್ಮೆ ಬೋರ್ಡ್, ಪ್ರೊಸೆಸರ್ ಬದಲಿಸುವವರಿಗೆ ರಿಟೇಲೇ ಕೊನೆಗೆ ಅಗ್ಗ. ಒಮ್ಮೆ ಕೊಂಡು ಕೆಡುವವರೆಗೂ ಬಳಸುವ ಮನೆಗಳಿಗೆ ಒಇಎಂ ಸಾಕು.

ಪ್ರೊ ಬೇಡ, ಹೋಮ್ ಸಾಕು. ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಈ ಕಂಪ್ಯೂಟರಿನೊಳಗೆ ಬರಬೇಕು, ಕಚೇರಿಯ ಡೊಮೇನ್‌ಗೆ ಸೇರಿಸಬೇಕು ಎನ್ನುವವರಿಗೆ ಮಾತ್ರ ಪ್ರೊ. ಆ ಅಗತ್ಯ ಮುಂದೆ ಬಂದರೆ ಆಗ ಅಪ್‌ಗ್ರೇಡ್‌ನ ಹಣ ಕಟ್ಟಿ ಹೋಮ್‌ನಿಂದ ಪ್ರೊಗೆ ಏರಬಹುದು. ಜಿಎಸ್‌ಟಿ ನೋಂದಣಿ ಇರುವ ಅಂಗಡಿ, ಡಿಟಿಪಿ ಕೇಂದ್ರದವರು ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿ ಬಿಲ್ ಪಡೆದರೆ, ವ್ಯವಹಾರಕ್ಕೆ ಬಳಸುವ ಲೈಸೆನ್ಸ್‌ನ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು.

ಮುನ್ನೂರು ರೂಪಾಯಿಯ ಕೀ

ಆನ್‌ಲೈನಿನಲ್ಲಿ ‘ಲೈಫ್‌ಟೈಮ್ ಪ್ರೊ ಕೀ’ ಮುನ್ನೂರಕ್ಕೋ ಐನೂರಕ್ಕೋ ಕಾಣಿಸುತ್ತದೆ. ಇಲ್ಲೇ ಜನ ಮೋಸಹೋಗುವುದು, ಹಾಗಾಗಿ ತುಸು ಬಿಡಿಸಿ ಹೇಳುತ್ತೇನೆ. ದೊಡ್ಡ ಸಂಸ್ಥೆಗಳಿಗೆ ಒಂದೇ ಕೀಯನ್ನು ನೂರಾರು ಯಂತ್ರಗಳಿಗೆ ಬಳಸುವ ವಾಲ್ಯೂಮ್ ಲೈಸೆನ್ಸ್ ಇರುತ್ತದೆ. ಅಂಥ ಕೀ ಹೊರಬಿದ್ದಾಗ ಅದನ್ನೇ ಹಲವರಿಗೆ ಮಾರುತ್ತಾರೆ. ಗುಜರಿಗೆ ಹೋದ ಯಂತ್ರಗಳ ಕೀಗಳೂ ಹೀಗೆ ಸಂತೆಗೆ ಬರುತ್ತವೆ. ಕೊಂಡ ದಿನ ಅದು ಕೆಲಸ ಮಾಡುತ್ತದೆ, ಮಾರಿದವರಿಗೆ ಐದು ಸ್ಟಾರ್ ಕೂಡ ಸಿಗುತ್ತದೆ. ಮಿತಿ ಮೀರಿ ಬಳಕೆಯಾಗಿದೆ ಎಂದು ಮೈಕ್ರೋಸಾಫ್ಟ್ ಆ ಕೀಯನ್ನು ತಡೆಹಿಡಿದ ದಿನ ಪರದೆಯ ಬಲಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಮೂಡುತ್ತದೆ. ಅಷ್ಟರಲ್ಲಿ ಮಾರಿದವರ ಪತ್ತೆ ಇರುವುದಿಲ್ಲ.

ಗುರುತಿಸಲು ಒಂದು ಒಳ್ಳೆಯ ಲಕ್ಷಣವಿದೆ. ಹಣ ಕೊಟ್ಟ ಮೇಲೆ ಮಾರಾಟಗಾರರು ಪರದೆಯ ಮೇಲಿನ ‘ಇನ್‌ಸ್ಟಲೇಶನ್ ಐಡಿ’ಯ ಫೋಟೊ ವಾಟ್ಸಾಪಿನಲ್ಲಿ ಕಳುಹಿಸಿ ಎನ್ನುತ್ತಾರೆ. ಅದು ಏಳೇಳು ಅಂಕಿಗಳ ಒಂಬತ್ತು ಗುಂಪು. ಅದಕ್ಕೆ ಉತ್ತರವಾಗಿ ಆರಾರು ಅಂಕಿಗಳ ಎಂಟು ಗುಂಪು ಕಳುಹಿಸಿ, ತುಂಬಿಸಿ ಎನ್ನುತ್ತಾರೆ. ಇದು ಮೈಕ್ರೋಸಾಫ್ಟ್‌ನ ದೂರವಾಣಿ ಆ್ಯಕ್ಟಿವೇಶನ್‌ಗೆಂದು ಬಂದ ಕ್ರಮ. ಹೊಸದಾಗಿ ಕೊಂಡ ಅಸಲಿ ಕೀ ಇಂಟರ್ನೆಟ್ ಇದ್ದರೆ ಒಂದೇ ಗಳಿಗೆಯಲ್ಲಿ ಒಪ್ಪಿಗೆಯಾಗಬೇಕು. ಇಷ್ಟು ಸುತ್ತು ಬೇಕಾಯಿತೆಂದರೆ ಆ ಕೀ ಆಗಲೇ ಬೇರೆಲ್ಲೋ ಬಳಕೆಯಾಗಿರುವ ಸಂಭವ ಹೆಚ್ಚು.

ಇನ್ನು ‘ಆ್ಯಕ್ಟಿವೇಟರ್’ ಎಂಬ ಪುಕ್ಕಟೆ ತಂತ್ರಾಂಶಗಳು. ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎಂದು ಅವು ಕೇಳುತ್ತವೆ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದಲ್ಲಿ ಯಾರೆಂದು ತಿಳಿಯದವರಿಗೆ ಹಾಗೆ ಬಾಗಿಲು ತೆರೆಯಲೇಬಾರದು. 2021ರಲ್ಲಿ ಕೆಎಂಎಸ್‌ಪಿಕೋ ಎಂಬ ಇಂಥ ಆ್ಯಕ್ಟಿವೇಟರ್‌ನ ಹೆಸರಿನಲ್ಲಿ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಹರಡಿದ್ದು ಪತ್ತೆಯಾಗಿತ್ತು. ಕಾನೂನಿನ ಮಾತೂ ಇದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ. ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಎನ್ನುತ್ತದೆ ಅದು. ಲಾಭಕ್ಕೆ ಅಥವಾ ವ್ಯಾಪಾರಕ್ಕೆ ಬಳಸಿರದಿದ್ದರೆ ನ್ಯಾಯಾಲಯ ಜೈಲು ಬಿಟ್ಟು ದಂಡಕ್ಕೇ ನಿಲ್ಲಿಸಬಹುದು. ಅಂಗಡಿ, ಕಚೇರಿ ನಡೆಸುವವರಿಗೆ ಆ ರಿಯಾಯಿತಿ ಇಲ್ಲ.

ದುಡ್ಡೇ ಬೇಡ ಎನ್ನುವವರಿಗೆ

ಬ್ರೌಸರ್, ಯೂಟ್ಯೂಬ್, ಪತ್ರ ಬರೆಯುವುದು, ಮಕ್ಕಳ ಪಾಠ ಇಷ್ಟೇ ಕೆಲಸವಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಉಚಿತ, ಕಾನೂನುಬದ್ಧ. ಮಿಂಟ್ ಆದರೆ ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿದೆ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್ ಮೂಲಕ ‘ಕೆಜಿಪಿ’ ವಿನ್ಯಾಸ ಆರಿಸಿಕೊಂಡರೆ ನುಡಿಯ ಕೀಲಿಮಣೆ ಕಲಿತ ಬೆರಳುಗಳಿಗೆ ಯುನಿಕೋಡ್ ಕನ್ನಡ ಕಷ್ಟವಾಗದು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಪೇಜ್‌ಮೇಕರ್ ಕೆಲಸ ಮಾಡುವವರಿಗೆ, ಟ್ಯಾಲಿ ನೆಚ್ಚಿಕೊಂಡವರಿಗೆ ನಾನು ಲಿನಕ್ಸ್ ಹೇಳುವುದಿಲ್ಲ. ಅವರ ಅನ್ನ ವಿಂಡೋಸ್‌ನಲ್ಲಿದೆ. ಅನುಮಾನವಿದ್ದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ವೈಫೈ, ಪ್ರಿಂಟರ್ ನಡೆಯುತ್ತವೆಯೇ ಎಂದು ಡಿಸ್ಕ್ ಮುಟ್ಟದೆಯೇ ನೋಡಬಹುದು.

ಕೊಂಡ ಮೇಲೆ

ಹೊಸ ಅಸೆಂಬಲ್ಡ್ ಕಂಪ್ಯೂಟರಿಗೆ ಮೊದಲ ದಿನವೇ ಕೀ ಹಾಕಬೇಡಿ. ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಶನ್ ಟೂಲ್’ ಇಳಿಸಿಕೊಂಡು, ಎಂಟು ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ತುಂಬಿ, ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಒತ್ತಿ ಮುಂದುವರಿಯಿರಿ. ನೀವು ಕೊಳ್ಳಲಿರುವ ಆವೃತ್ತಿಯನ್ನೇ, ಹೋಮ್ ಆದರೆ ಹೋಮ್, ಆರಿಸಿಕೊಳ್ಳಿ. ಒಂದೆರಡು ದಿನ ಎಲ್ಲ ಭಾಗಗಳೂ ಸರಿಯಿವೆಯೇ ನೋಡಿ. ಬೋರ್ಡಿನಲ್ಲೇ ದೋಷ ಕಂಡು ಬದಲಿಸಬೇಕಾದರೆ, ಆಗಲೇ ಹಾಕಿದ ಒಇಎಂ ಕೀ ತಲೆನೋವು ತರುತ್ತದೆ. ಎಲ್ಲ ಸರಿ ಎಂದು ಖಾತ್ರಿಯಾದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್‌ಗೆ ಹೋಗಿ ಇಪ್ಪತ್ತೈದು ಅಕ್ಷರಗಳ ಕೀ ತುಂಬಿಸಿ.

ಅಂಗಡಿಯವರೇ ಹಾಕಿಕೊಟ್ಟಿದ್ದರೆ ಇದೇ ಪುಟ ನೋಡಿ. ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆ’ ಎಂಬರ್ಥದ ಸಾಲು ಇದ್ದರೆ, ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ ಎಂದು ಅಲ್ಲೇ ಕೇಳಿ. ಡಿಜಿಟಲ್ ಲೈಸೆನ್ಸ್ ಎಂದಿದ್ದರೂ ಬಿಲ್ ಕೇಳಿ, ಏಕೆಂದರೆ ಕಳ್ಳ ದಾರಿಯಲ್ಲಿ ಆ್ಯಕ್ಟಿವೇಟ್ ಮಾಡಿದ್ದೂ ಪರದೆಯಲ್ಲಿ ಹಾಗೆಯೇ ಕಾಣಬಹುದು. ಬಿಲ್ಲಿನಲ್ಲಿ ‘ವಿಂಡೋಸ್ 11 ಹೋಮ್ ಲೈಸೆನ್ಸ್’ ಎಂಬ ಸಾಲು ಬೇರೆಯಾಗಿಯೇ ಇರಬೇಕು.

ಕೊನೆಯದಾಗಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಲೈಸೆನ್ಸನ್ನು ಅದಕ್ಕೆ ಜೋಡಿಸಿ. ಆ ಖಾತೆ ನಿಮ್ಮದೇ ಇರಲಿ, ಅಂಗಡಿಯ ಹುಡುಗನ ಇಮೇಲ್ ಬೇಡ. ರಿಟೇಲ್ ಲೈಸೆನ್ಸ್ ಇದ್ದು ನಾಳೆ ಬೋರ್ಡ್ ಬದಲಿಸಿದರೆ, ಅದೇ ಖಾತೆಯಿಂದ ಆ್ಯಕ್ಟಿವೇಶನ್ ಪುಟದ ಟ್ರಬಲ್‌ಶೂಟರ್ ತೆರೆದು, ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಆಯ್ಕೆ ಒತ್ತಿ ಲೈಸೆನ್ಸ್ ಮರಳಿ ಪಡೆಯಬಹುದು. ಕೀ ಇರುವ ಕಾರ್ಡ್ ಮತ್ತು ಬಿಲ್ಲಿನ ಫೋಟೊ ತೆಗೆದು ಕಂಪ್ಯೂಟರಿನ ಹೊರಗೆ, ಫೋನಿನಲ್ಲೋ ಇಮೇಲಿನಲ್ಲೋ ಇಟ್ಟುಕೊಳ್ಳಿ.