ಪೋಕ್ಸೊ ಪ್ರಕರಣ: ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಪರವಾಗಿ ದೂರು ಕೊಡಲು ಹೆತ್ತವರಿಗೆ ಎದೆಗಾರಿಕೆ ಬೇಕು. ಎಫ್‌ಐಆರ್ ಆದ ಮೇಲಿನ ದಿನಗಳು ಅದಕ್ಕಿಂತಲೂ ಕಠಿಣ. ಮುಂದಿನ ತಾರೀಖು ಎಂದು, ಆರೋಪಿಗೆ ಜಾಮೀನು ಸಿಕ್ಕಿತೇ, ಮಗು ಯಾರೆದುರು ಹೇಳಿಕೆ ಕೊಡಬೇಕು ಎಂದು ತಿಳಿಸುವವರು ಇರುವುದಿಲ್ಲ. ‘ರಾಜಿ ಮಾಡಿಕೊಳ್ಳಿ, ಹುಡುಗಿಯ ಮುಂದಿನ ಬದುಕು ನೋಡಿ’ ಎನ್ನುವ ನೆಂಟರು ಮಾತ್ರ ತಪ್ಪದೆ ಬರುತ್ತಾರೆ. ಆ ಹೊತ್ತಿನಲ್ಲಿ ಕುಟುಂಬದ ಜೊತೆ ನಿಲ್ಲಲೆಂದೇ ಕಾನೂನು ಒಬ್ಬರನ್ನು ಕೊಟ್ಟಿದೆ. ಅವರೇ ಬೆಂಬಲ ವ್ಯಕ್ತಿ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿಯ ಪ್ರಕರಣದ ಮಾಹಿತಿಯನ್ನು ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. 2020ರ ಪೋಕ್ಸೊ ನಿಯಮಗಳ ಪ್ರಕಾರ, ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು ಸಮಿತಿಯು ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ಈ ಸೌಲಭ್ಯ ಇದೆ, ಅದನ್ನು ಕೇಳುವ ಹಕ್ಕೂ ಇದೆ ಎಂಬುದನ್ನು ಎಲ್ಲ ಪ್ರಕರಣಗಳಲ್ಲೂ ಪೋಷಕರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ನಿಮಗೆ ಯಾರೂ ತಿಳಿಸದಿದ್ದರೆ ನೀವೇ ಸಮಿತಿಗೆ ಅರ್ಜಿ ಕೊಡಿ.

ತನಿಖೆಯಿಂದ ವಿಚಾರಣೆ ಮುಗಿಯುವವರೆಗೂ ಬೆಂಬಲ ವ್ಯಕ್ತಿ ಮಗುವಿನ ಜೊತೆಗಿರುತ್ತಾರೆ. ಮಗುವಿನ ಸ್ಥಿತಿಗತಿ ಕುರಿತು ಪ್ರತಿ ತಿಂಗಳು ಸಮಿತಿಗೆ ವರದಿ ಕೊಡುತ್ತಾರೆ. ಮಗು ಹೇಳಿದ್ದನ್ನೆಲ್ಲ ಗುಟ್ಟಾಗಿಡುವುದು ಇವರ ಕರ್ತವ್ಯ. ಇವರ ನೆರವು ಬೇಡವೆನಿಸಿದರೆ ಮಗು ಕಾರಣ ಕೊಡದೆಯೇ ನಿಲ್ಲಿಸಲು ಕೇಳಬಹುದು. ಇಡೀ ನಿಯಮದಲ್ಲಿ ನನಗೆ ಅತ್ಯಂತ ಮಾನವೀಯ ಎನಿಸುವುದು ಇದೇ ಅಂಶ. ದೌರ್ಜನ್ಯ ನಡೆದಾಗ ಮಗುವಿನ ‘ಬೇಡ’ಕ್ಕೆ ಬೆಲೆ ಸಿಕ್ಕಿರಲಿಲ್ಲ, ಇಲ್ಲಿ ಸಿಗುತ್ತದೆ.

ಬೆಂಬಲ ವ್ಯಕ್ತಿ ನೆನಪಿಸಬೇಕಾದ ಹಕ್ಕುಗಳನ್ನು ಪೋಷಕರೂ ತಿಳಿದಿರಲಿ. ಹೇಳಿಕೆಯನ್ನು ಪೊಲೀಸರು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ತುರ್ತು ಚಿಕಿತ್ಸೆಗೆ ಆಸ್ಪತ್ರೆಯವರು ಎಫ್‌ಐಆರ್ ಪ್ರತಿ ಕೇಳುವಂತಿಲ್ಲ. ನ್ಯಾಯಾಲಯದಲ್ಲಿ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ಪಾಟೀ ಸವಾಲು ಕೂಡ ನ್ಯಾಯಾಧೀಶರ ಮೂಲಕವೇ ನಡೆಯಬೇಕು. ಸಾಕ್ಷಿ ಹೇಳುವಾಗ ಮಗುವಿನ ಕಣ್ಣಿಗೆ ಆರೋಪಿ ಬೀಳದಂತೆ ನೋಡಿಕೊಳ್ಳಬೇಕು. ಊಟ, ಬಟ್ಟೆ, ಪ್ರಯಾಣದ ಖರ್ಚಿಗೆ ತುರ್ತು ನೆರವು ಕೊಡುವಂತೆ ಸಮಿತಿ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಸಿಗಬೇಕು. ಪರಿಹಾರಧನ ಇದಕ್ಕೆ ಪ್ರತ್ಯೇಕ.

ಬೆಂಬಲ ವ್ಯಕ್ತಿಯ ಕೆಲಸ ಒಂದು ವೃತ್ತಿಯೂ ಹೌದು. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಅಥವಾ ಮಕ್ಕಳ ಬೆಳವಣಿಗೆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಅರ್ಹರು. ಮಕ್ಕಳ ಶಿಕ್ಷಣ ಅಥವಾ ರಕ್ಷಣೆಯಲ್ಲಿ ಕನಿಷ್ಠ 3 ವರ್ಷ ದುಡಿದ ಪದವೀಧರರಿಗೂ ಅವಕಾಶವಿದೆ. ಸಂಭಾವನೆ ಕುಶಲ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು ಎನ್ನುತ್ತದೆ ನಿಯಮ. ವಿದ್ಯಾರ್ಹತೆಗೂ ಅನುಭವಕ್ಕೂ ತಕ್ಕ ಸಂಭಾವನೆ ಇರಬೇಕು ಎಂದಿದೆ ಸುಪ್ರೀಂ ಕೋರ್ಟ್. ಹೀಗೆ ವರ್ಷಗಟ್ಟಲೆ ಒಂದು ಮಗುವಿನ ನಂಬಿಕೆ ಉಳಿಸಿಕೊಂಡು ನಡೆಯುವವರಿಗೆ ದಿನಗೂಲಿಯ ಲೆಕ್ಕ ಸಾಲದು ಎಂದೇ ನಾನೂ ನಂಬುತ್ತೇನೆ. ಆಸಕ್ತರು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ವಿಚಾರಿಸಿ.

ಇನ್ನು ನೆರೆಹೊರೆಯವರಿಗೆ ಒಂದು ಮಾತು. ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಪರಾಧ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯಿದೆ. ಅನುಮಾನ ಬಂದ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.