ಪತ್ರಿಕೋದ್ಯಮ ಓದುವ ಆಸೆಯೇ? ತಯಾರಿ ಹೀಗಿರಲಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರುವಾದದ್ದು 1951ರಲ್ಲಿ. ನಾಡಿಗ ಕೃಷ್ಣಮೂರ್ತಿ ಅವರಂಥ ಮೇಷ್ಟ್ರು ಅದನ್ನು ಕಟ್ಟಿ ಬೆಳೆಸಿದರು. ಇಂದು ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು, ಕಲಬುರಗಿ, ಶಂಕರಘಟ್ಟ, ವಿಜಯಪುರ ಹೀಗೆ ಹಲವು ಕಡೆ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದಲ್ಲಿ ಎಂ.ಎ. ಮಾಡಬಹುದು. ಆದರೆ ಕೆಲಸ ಕೇಳಲು ಹೋದಾಗ ಸಂಪಾದಕರು ಅಂಕಪಟ್ಟಿಗಿಂತ ಮೊದಲು ಕೇಳುವುದು, ‘ಏನು ಬರೆದಿದ್ದೀರಿ, ತೋರಿಸಿ’ ಎಂದು. ಆ ಪ್ರಶ್ನೆಗೆ ಉತ್ತರವನ್ನು ಓದುವಾಗಲೇ ಸಿದ್ಧಪಡಿಸಿಕೊಳ್ಳಬೇಕು.

1. ಯಾವ ಹಂತದಲ್ಲಿ ಸೇರಬೇಕು?
ಪಿಯುಸಿ ನಂತರ ಬಿ.ಎ.ಯಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಆರಿಸಿಕೊಳ್ಳಬಹುದು. ಎಂ.ಎ.ಗೆ ಸಾಮಾನ್ಯವಾಗಿ ಯಾವುದೇ ಪದವಿ ಸಾಕು. ಅರ್ಥಶಾಸ್ತ್ರ, ವಿಜ್ಞಾನ, ಕೃಷಿ ಓದಿದವರು ಅಳುಕಬೇಕಿಲ್ಲ. ಬಜೆಟ್ಟನ್ನೋ ಬೆಳೆ ರೋಗವನ್ನೋ ತಿಳಿದು ಬರೆಯಬಲ್ಲವರು ಸುದ್ದಿಮನೆಗೆ ಯಾವಾಗಲೂ ಬೇಕು. ಕೆಲಸ ಬಿಡಲಾಗದವರು ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸಲಿ.

2. ವಿಭಾಗವನ್ನು ಕಣ್ಣಾರೆ ನೋಡಿ
ಅರ್ಜಿ ಹಾಕುವ ಮುನ್ನ ಒಂದು ದಿನ ಹೋಗಿ ಬನ್ನಿ. ಕೇಳಬೇಕಾದ್ದು ಇಷ್ಟು:
• ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆಯ ಕಳೆದ ಸಂಚಿಕೆ ಯಾವಾಗ ಬಂತು?
• ಕ್ಯಾಮೆರಾ, ಸ್ಟುಡಿಯೊ ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಯೇ?
• ಕಾಯಂ ಅಧ್ಯಾಪಕರು ಎಷ್ಟು ಮಂದಿ?
• ಸಮುದಾಯ ಬಾನುಲಿ ಇದೆಯೇ? ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ರೇಡಿಯೊ ಸಾರಂಗ್ ಇರುವಂತೆ ಕೇಂದ್ರವೊಂದಿದ್ದರೆ, ಧ್ವನಿ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.
ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನೂ ಮಾತನಾಡಿಸಿ. ಕೈಪಿಡಿಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

3. ಅರ್ಜಿ
ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಯುಯುಸಿಎಂಎಸ್ ಪೋರ್ಟಲ್ ಇದೆ. ಹೈದರಾಬಾದ್‌ನಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪರೀಕ್ಷೆ ಬರೆಯಬೇಕು. 1965ರಲ್ಲಿ ಆರಂಭವಾದ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯ (ಐಐಎಂಸಿ) ಮೇಲೂ ಕಣ್ಣಿರಲಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

4. ಮೊದಲ ಸೆಮಿಸ್ಟರ್
ಕನ್ನಡ ಟೈಪಿಂಗ್ ಮೊದಲು ಕಲಿಯಿರಿ. ನುಡಿ, ಯೂನಿಕೋಡ್ ಎರಡೂ ಬರಲಿ. ದಿನಕ್ಕೆ ಎರಡು ಪತ್ರಿಕೆ ಓದಿ, ಒಂದೇ ಸುದ್ದಿಯನ್ನು ಎರಡೂ ಹೇಗೆ ಬರೆದಿವೆ ಎಂದು ಹೋಲಿಸಿ.

ನಂತರ ಒಂದು ಕ್ಷೇತ್ರ ಹಿಡಿಯಿರಿ: ಎಪಿಎಂಸಿ, ತಾಲ್ಲೂಕು ಆಸ್ಪತ್ರೆ, ಸರ್ಕಾರಿ ಶಾಲೆ, ಯಾವುದಾದರೂ ಸರಿ. ವಾರಕ್ಕೊಂದು ವರದಿ ಬರೆದು ಅಧ್ಯಾಪಕರಿಗೆ ತೋರಿಸಿ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿಯೇ ಕಲಿಯಿರಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯವನ್ನೂ, 19(2) ಅದಕ್ಕೆ ಹಾಕಿದ ಮಿತಿಗಳನ್ನೂ ಮನನ ಮಾಡಿಕೊಳ್ಳಿ.

5. ಇಂಟರ್ನ್‌ಶಿಪ್
ಎಲ್ಲರ ಕಣ್ಣೂ ಬೆಂಗಳೂರಿನ ಟಿ.ವಿ. ಕಚೇರಿಗಳ ಮೇಲೆ. ನನ್ನ ಸಲಹೆ ಬೇರೆ: ಮೊದಲು ಜಿಲ್ಲಾ ಕಚೇರಿಯೊಂದರಲ್ಲಿ ಕೆಲಸ ಮಾಡಿ. ಅಲ್ಲಿ ಸಿಬ್ಬಂದಿ ಕಡಿಮೆ. ಜಿಲ್ಲಾ ಪಂಚಾಯಿತಿ ಸಭೆ, ಅಪಘಾತ, ಜಾತ್ರೆ ಎಲ್ಲಕ್ಕೂ ನಿಮ್ಮನ್ನೇ ಕಳಿಸುವ ಸಾಧ್ಯತೆ ಹೆಚ್ಚು. ನಿಮ್ಮ ಪ್ರತಿಯನ್ನು ಹಿರಿಯರು ತಿದ್ದಿದ್ದು ಎಲ್ಲಿ, ಏಕೆ ಎಂದು ಅಂದೇ ಕೇಳಿ ಬರೆದಿಟ್ಟುಕೊಳ್ಳಿ.

6. ಕಡತ
ಕೋರ್ಸ್ ಮುಗಿಯುವ ಹೊತ್ತಿಗೆ ಪ್ರಕಟವಾದ ಹತ್ತು ವರದಿ, ಒಂದು ಸಂದರ್ಶನ, ಒಂದು ಕಿರು ವಿಡಿಯೊ ಕೈಯಲ್ಲಿರಲಿ. ಪ್ರವೇಶ ಪ್ರಕಟಣೆ ಬರಲಿ ಎಂದು ಕಾಯಬೇಡಿ. ನಿಮ್ಮೂರಿನ ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗಿ, ಯಾರು ಏನು ಕೇಳಿದರು, ಏನು ಉತ್ತರ ಸಿಕ್ಕಿತು ಎಂಬುದನ್ನು 200 ಪದಗಳಲ್ಲಿ ಬರೆಯಿರಿ. ಕಡತದ ಮೊದಲ ಹಾಳೆ ಅದೇ ಆಗಲಿ.