ಸಾಮಾಜಿಕ ಜಾಲಗಳೂ ಕಾಲೇಜು ಜೀವನವೂ

ವಿದ್ಯಾಭ್ಯಾಸವೆಂಬುದು ತರಗತಿಯ ನಾಲ್ಕು ಗೋಡೆಗಳ ನಡುವೆ ಮಾತ್ರ ನಡೆಯುವ ಕಾರ್ಯವಲ್ಲವೆಂಬುದನ್ನು ಎಲ್ಲರೂ ಬಲ್ಲರು. ಪಾಠ ಮುಗಿದ ಮೇಲೆ ಮರದ ನೆರಳಿನಲ್ಲಿ ನಡೆಯುವ ಚರ್ಚೆ, ವಾಚನಾಲಯದಲ್ಲಿ ಪಕ್ಕದವನು ತೋರಿಸಿದ ಪುಸ್ತಕ, ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ಹಿರಿಯ ವಿದ್ಯಾರ್ಥಿಯು ಹೇಳಿದ ಒಂದು ಮಾತು, ಇವೆಲ್ಲವೂ ಶಿಕ್ಷಣದ ಅಂಗಗಳೇ. ಶುಲ್ಕ ಕಟ್ಟಿ ಹೆಸರು ಬರೆಸಿದ ಮಾತ್ರಕ್ಕೆ ಒಬ್ಬನು ಕಾಲೇಜಿನವನಾಗಲಾರನು. ಅಲ್ಲಿನ ಅಧ್ಯಾಪಕರೊಡನೆಯೂ ಸಹಪಾಠಿಗಳೊಡನೆಯೂ ಬೆರೆಯದೆ ಉಳಿದವನು ಹಾಜರಿ ಪುಸ್ತಕದಲ್ಲಿರುತ್ತಾನೆ, ಕಾಲೇಜಿನಲ್ಲಿರುವುದಿಲ್ಲ.

ವಿದ್ಯಾರ್ಥಿಗಳನ್ನು ಹೀಗೆ ಬೆರೆಸುವುದಕ್ಕಾಗಿ ಕಳೆದ ಎರಡು ದಶಕಗಳಲ್ಲಿ ಕಾಲೇಜುಗಳು ಎರಡು ಹೊಸ ಸಾಧನಗಳನ್ನು ಕೈಗೆತ್ತಿಕೊಂಡಿವೆ. ಒಂದು ಸಾಮಾಜಿಕ ಜಾಲತಾಣ. ಇನ್ನೊಂದು ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ತೋರಿಕೆಯ ಲೋಕ, ಅಂದರೆ ವರ್ಚುವಲ್ ಪ್ರಪಂಚ. ಇವು ಎಲ್ಲಿ ಹುಟ್ಟಿದವು, ಕಾಲೇಜುಗಳು ಇವನ್ನು ಹೇಗೆ ಬಳಸಿದವು, ಎಲ್ಲಿ ಗೆದ್ದವು, ಎಲ್ಲಿ ಸೋತವು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಸ್ವಲ್ಪದರಲ್ಲಿ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಜಾಲದ ಹುಟ್ಟು

ಅಮೆರಿಕದ ಹಲವು ಕಾಲೇಜುಗಳಲ್ಲಿ ಹೊಸದಾಗಿ ಸೇರಿದವರ ಭಾವಚಿತ್ರಗಳನ್ನೂ ಹೆಸರುಗಳನ್ನೂ ಅಚ್ಚುಹಾಕಿಸಿ ಹಂಚುವ ಪದ್ಧತಿಯಿತ್ತು. ಒಬ್ಬರ ಗುರುತು ಒಬ್ಬರಿಗೆ ಸಿಗಲೆಂದು ಮಾಡಿದ ಆ ಪುಸ್ತಕಕ್ಕೆ ಅಲ್ಲಿನವರು ‘ಫೇಸ್ ಬುಕ್’ ಎನ್ನುತ್ತಿದ್ದರು. 2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮಾರ್ಕ್ ಜುಕರ್‌ಬರ್ಗ್ ತನ್ನ ಸಂಗಡಿಗರೊಡನೆ ಆರಂಭಿಸಿದ ತಾಣಕ್ಕೆ ಹೆಸರು ಬಂದುದು ಅದರಿಂದಲೇ. ಮೊದಮೊದಲು ಕಾಲೇಜಿನ ಇ-ಮೇಲ್ ವಿಳಾಸವಿದ್ದವರಿಗೆ ಮಾತ್ರ ಅಲ್ಲಿ ಪ್ರವೇಶ. 13 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದೆಂದಾದುದು 2006ರ ಸೆಪ್ಟೆಂಬರಿನಲ್ಲಿ. ಇಂದು ಲೋಕವನ್ನೆಲ್ಲ ಹಬ್ಬಿರುವ ಈ ಜಾಲದ ಬೇರು ಒಂದು ಕಾಲೇಜಿನ ಹಾಸ್ಟೆಲಿನಲ್ಲಿದೆ ಎಂಬುದು ನೆನಪಿಡತಕ್ಕ ಸಂಗತಿ.

ಕಾಲೇಜುಗಳು ಇದನ್ನು ಬಳಸಿದ ರೀತಿ ಬಹು ಸರಳವಾದುದು. ಪ್ರವೇಶ ದೊರೆತವರಿಗೆ ತರಗತಿ ಆರಂಭವಾಗುವ ಮುನ್ನವೇ ಒಂದು ಗುಂಪು ರಚಿಸುವುದು. ಯಾವ ಊರು, ಯಾವ ವಿಷಯ, ಎಲ್ಲಿ ವಸತಿ ಎಂದು ಅವರು ತಮ್ಮೊಳಗೆ ವಿಚಾರಿಸಿಕೊಳ್ಳುವುದು. ಹಿರಿಯ ವಿದ್ಯಾರ್ಥಿಗಳು ಉತ್ತರ ಕೊಡುವುದು. ಮೊದಲ ದಿನ ಗೇಟಿನೊಳಗೆ ಕಾಲಿಡುವಾಗ ಪರಿಚಿತ ಮುಖಗಳು ನಾಲ್ಕಾದರೂ ಇದ್ದರೆ ಹೊಸಬನ ಎದೆ ಅಷ್ಟಾಗಿ ನಡುಗದು.

ಈ ವಿಷಯದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ನಿಕೋಲ್ ಎಲಿಸನ್, ಚಾರ್ಲ್ಸ್ ಸ್ಟೈನ್‌ಫೀಲ್ಡ್, ಕ್ಲಿಫ್ ಲ್ಯಾಂಪ್ ಎಂಬ ಮೂವರು 286 ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಸಮಾಜಶಾಸ್ತ್ರದಲ್ಲಿ ‘ಸಾಮಾಜಿಕ ಬಂಡವಾಳ’ ಎಂಬ ಮಾತುಂಟು. ಮನುಷ್ಯನಿಗೆ ತನ್ನ ಪರಿಚಯದ ಬಳಗದಿಂದ ದೊರೆಯುವ ಸಹಾಯ, ಸಮಾಚಾರ, ಅವಕಾಶ ಇವೇ ಆ ಬಂಡವಾಳ. ಇದರಲ್ಲಿ ಎರಡು ಬಗೆ: ಆಪ್ತರಿಂದ ಬರುವುದು ಒಂದು, ಕೇವಲ ಮುಖಪರಿಚಯವುಳ್ಳವರಿಂದ ಬರುವುದು ಇನ್ನೊಂದು. ಫೇಸ್‌ಬುಕ್ಕಿನ ಬಳಕೆಗೂ ಈ ಎರಡನೆಯ ಬಗೆಯ ಬಂಡವಾಳಕ್ಕೂ ಹೆಚ್ಚಿನ ಸಂಬಂಧವಿದೆಯೆಂದು ಆ ಅಧ್ಯಯನವು ಕಂಡಿತು. ತಮ್ಮಲ್ಲಿ ತಮಗೇ ಭರವಸೆ ಕಡಿಮೆಯಿರುವ ವಿದ್ಯಾರ್ಥಿಗಳಿಗೆ ಇದರ ಪ್ರಯೋಜನ ಹೆಚ್ಚಾಗಿರಬಹುದೆಂದೂ ಸೂಚಿಸಿತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುವುದು.

ತೋರಿಕೆಯ ಲೋಕ

ಎರಡನೆಯ ಸಾಧನದ ಕಥೆ ಇನ್ನೂ ವಿಚಿತ್ರ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆಯು 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬುದೊಂದು ಲೋಕವನ್ನು ತೆರೆಯಿತು. ಅದರ ಸ್ಥಾಪಕ ಫಿಲಿಪ್ ರೋಸ್‌ಡೇಲ್. ಅಲ್ಲಿಗೆ ಹೋಗಬಯಸುವವನು ತನಗೊಂದು ಗೊಂಬೆಯ ರೂಪವನ್ನು ಆರಿಸಿಕೊಳ್ಳಬೇಕು. ಅದಕ್ಕೆ ಅವರಿಟ್ಟ ಹೆಸರು ನಮ್ಮದೇ ಆದ ‘ಅವತಾರ’ ಎಂಬ ಪದ. ನಮ್ಮ ತೊಗಲುಗೊಂಬೆಯಾಟದಲ್ಲಿ ಆಡಿಸುವವನು ಪರದೆಯ ಹಿಂದೆ ಕುಳಿತು ಗೊಂಬೆಯಿಂದ ಮಾತನಾಡಿಸುವಂತೆ, ಇಲ್ಲಿ ಪ್ರತಿಯೊಬ್ಬನೂ ತನ್ನ ಮನೆಯಲ್ಲೇ ಕುಳಿತು ತನ್ನ ಗೊಂಬೆಯನ್ನು ನಡೆಸುವನು, ಹಾರಿಸುವನು, ಮಾತನಾಡಿಸುವನು. ನೋಡುವವನೂ ಆಡಿಸುವವನೂ ಇಲ್ಲಿ ಒಬ್ಬನೇ ಎಂಬುದಷ್ಟೇ ವ್ಯತ್ಯಾಸ. ಅಲ್ಲಿ ನೆಲವನ್ನು ಕೊಳ್ಳಬಹುದು. ಉದ್ದ 256 ಮೀಟರ್, ಅಗಲ 256 ಮೀಟರ್ ಇರುವ ಒಂದು ತುಂಡನ್ನು ಕೊಂಡು ಅದರ ಮೇಲೆ ಬೇಕಾದ ಕಟ್ಟಡವನ್ನು ಕಟ್ಟಿಕೊಳ್ಳಬಹುದು. ಹೀಗೆ ಸುತ್ತಲೂ ನೀರಿರುವಂತೆ ಕಾಣುವ ಜಾಗಗಳಿಗೆ ದ್ವೀಪಗಳೆಂದೇ ಹೆಸರು.

2006ರಿಂದ ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಇಂತಹ ದ್ವೀಪಗಳನ್ನು ಕೊಂಡವು. ಆ ವರ್ಷ ಹಾರ್ವರ್ಡ್ ಕಾನೂನು ಶಾಲೆಯ ಚಾರ್ಲ್ಸ್ ನೆಸನ್ ತಮ್ಮ ಮಗಳು ರೆಬೆಕಾ ನೆಸನ್ ಅವರೊಡಗೂಡಿ ‘ಸೈಬರ್‌ಒನ್’ ಎಂಬ ಪಾಠಕ್ರಮವನ್ನು ನಡೆಸಿದರು. ಕಾನೂನು ಶಾಲೆಯ ವಿದ್ಯಾರ್ಥಿಗಳು ಎಂದಿನ ತರಗತಿಯಲ್ಲಿ ಕುಳಿತರೆ, ದೂರದ ಊರುಗಳಲ್ಲಿದ್ದ ವಿಸ್ತರಣಾ ಶಾಲೆಯ ವಿದ್ಯಾರ್ಥಿಗಳು ಗೊಂಬೆಗಳಾಗಿ ಒಂದು ದ್ವೀಪದಲ್ಲಿ ಸೇರುತ್ತಿದ್ದರು. ಶಾಲೆಯ ನ್ಯಾಯಾಲಯ ಸಭಾಂಗಣದ ಪ್ರತಿರೂಪವನ್ನೂ ಅಲ್ಲಿ ಕಟ್ಟಲಾಗಿತ್ತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವೂ ಈ ಲೋಕದಲ್ಲಿ ತನ್ನದೊಂದು ನೆಲೆಯನ್ನು ಮಾಡಿಕೊಂಡಿತು.

ಆದರೆ ಈ ಉತ್ಸಾಹವು ಬಹುಕಾಲ ನಿಲ್ಲಲಿಲ್ಲ. ವಿದ್ಯಾಸಂಸ್ಥೆಗಳಿಗೆ ಅರ್ಧ ಬೆಲೆಗೆ ನೆಲವನ್ನು ಕೊಡುತ್ತಿದ್ದ ಕಂಪೆನಿಯು 2011ರ ಜನವರಿಯಿಂದ ಆ ರಿಯಾಯಿತಿಯನ್ನು ನಿಲ್ಲಿಸುವುದಾಗಿ 2010ರಲ್ಲಿ ಪ್ರಕಟಿಸಿತು. ಅನೇಕ ಕಾಲೇಜುಗಳು ದ್ವೀಪಗಳನ್ನು ಬಿಟ್ಟು ಬೇರೆಡೆಗೆ ಹೋದವು. 2013ರಲ್ಲಿ ರಿಯಾಯಿತಿ ಮರಳಿತಾದರೂ ಹೋದವರೆಲ್ಲರೂ ಮರಳಲಿಲ್ಲ. ಇತರರ ನೆಲದಲ್ಲಿ ಕಟ್ಟಿದ ಮನೆ ಎಷ್ಟು ದಿನ ನಮ್ಮದು ಎಂಬ ಪಾಠವನ್ನು ಹೀಗೆ ವಿಶ್ವವಿದ್ಯಾನಿಲಯಗಳೇ ಕಲಿಯಬೇಕಾಯಿತು!

ಬೆಲೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆ ಲೋಕವನ್ನು ಪ್ರವೇಶಿಸಲು ಬಲವಾದ ಕಂಪ್ಯೂಟರೂ ವೇಗದ ಇಂಟರ್ನೆಟ್ಟೂ ಬೇಕು. ಗೊಂಬೆಯನ್ನು ನಡೆಸಲು ಕಲಿಯುವುದಕ್ಕೇ ದಿನಗಳು ಹಿಡಿಯುವುವು. ಇದಕ್ಕಿಂತ ದೊಡ್ಡ ಕಾರಣವೊಂದುಂಟು. ಹಲವು ಕಾಲೇಜುಗಳು ತಮ್ಮ ಕಟ್ಟಡವನ್ನೇ, ತಮ್ಮ ಬೆಂಚುಗಳನ್ನೇ, ತಮ್ಮ ವೇದಿಕೆಯನ್ನೇ ಅಲ್ಲಿ ಮರಳಿ ಕಟ್ಟಿದವು. ಕಾಲು ನೋಯದ ಗೊಂಬೆಗೆ ಬೆಂಚಾದರೂ ಏತಕ್ಕೆ? ಊರಿನಲ್ಲಿರುವ ಉಪನ್ಯಾಸವನ್ನೇ ಅಲ್ಲಿಯೂ ಕೇಳಬೇಕಾದರೆ ಅಷ್ಟು ದೂರ ಹೋಗುವ ಶ್ರಮವೇಕೆ? ಆದುದರಿಂದ ಮೊದಲ ಕುತೂಹಲ ತೀರಿದ ಮೇಲೆ ಅಂತಹ ದ್ವೀಪಗಳು ಬರಿದಾಗಿ ಉಳಿದವು.

ತರಗತಿಯಲ್ಲಿ ತೋರಿಸಲಾಗದುದನ್ನು ತೋರಿಸಿದ ಪ್ರಯೋಗಗಳು ಮಾತ್ರ ಸಾರ್ಥಕವೆನಿಸಿದವು. ಟೆಕ್ಸಾಸ್ ವೆಸ್ಲಿಯನ್ ವಿಶ್ವವಿದ್ಯಾನಿಲಯದ ಮೇರಿ ಆನ್ ಕ್ಲಾರ್ಕ್ ಅವರು ನಿರ್ಮಿಸಿದ ‘ಜೀನೋಮ್ ಐಲೆಂಡ್’ ಎಂಬ ದ್ವೀಪದಲ್ಲಿ ವಿದ್ಯಾರ್ಥಿಗಳು ಮೆಂಡೆಲನ ಬಟಾಣಿ ಗಿಡಗಳ ಪ್ರಯೋಗವನ್ನು ತಾವೇ ಮಾಡಿ ನೋಡಬಹುದಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಮನೋವೈದ್ಯ ಪೀಟರ್ ಯೆಲ್ಲೋಲೀಸ್ ಅವರು ಸ್ಕಿಜೋಫ್ರೀನಿಯಾ ರೋಗಿಗೆ ಕಾಣುವ ರೂಪಗಳನ್ನೂ ಕೇಳುವ ದನಿಗಳನ್ನೂ ಒಂದು ಕಟ್ಟಡದಲ್ಲಿ ರಚಿಸಿದರು. ಅದರೊಳಗೆ ನಡೆದವನಿಗೆ ರೋಗಿಯ ಸಂಕಟ ಏನೆಂಬುದರ ಅರಿವಾಗುತ್ತಿತ್ತು.

2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ತೋರಿಕೆಯ ಲೋಕಗಳು ಮತ್ತೊಮ್ಮೆ ನೆನಪಿಗೆ ಬಂದವು. ಬರ್ಕ್ಲಿಯ ವಿದ್ಯಾರ್ಥಿಗಳು ‘ಮೈನ್‌ಕ್ರಾಫ್ಟ್’ ಎಂಬ ಆಟದೊಳಗೆ ತಮ್ಮ ವಿಶ್ವವಿದ್ಯಾನಿಲಯವನ್ನು ತಾವೇ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿ, ಆ ಮೇ ತಿಂಗಳಿನಲ್ಲಿ ಅಲ್ಲಿಯೇ ಪದವಿ ಸಮಾರಂಭವನ್ನು ಆಚರಿಸಿದರು. ಅದೇ ಆಗಸ್ಟಿನಲ್ಲಿ ಮುಂಬಯಿಯ ಐ.ಐ.ಟಿ.ಯ ಘಟಿಕೋತ್ಸವದಲ್ಲಿ ಪ್ರತಿಯೊಬ್ಬ ಪದವೀಧರನ ಗೊಂಬೆಯೂ ನಿರ್ದೇಶಕರ ಗೊಂಬೆಯ ಕೈಯಿಂದ ಪದವಿ ಪತ್ರವನ್ನು ಪಡೆಯಿತು. ಮುಖ್ಯ ಅತಿಥಿಗಳು 2016ರ ಭೌತವಿಜ್ಞಾನದ ನೊಬೆಲ್ ಪುರಸ್ಕೃತರಾದ ಡಂಕನ್ ಹಾಲ್ಡೇನ್. ನಮ್ಮ ರಾಜ್ಯದ ಸುರತ್ಕಲ್ಲಿನ ಎನ್.ಐ.ಟಿ.ಯೂ ಪಾಲುಗೊಂಡಿರುವ ಕೇಂದ್ರ ಸರ್ಕಾರದ ‘ವರ್ಚುವಲ್ ಲ್ಯಾಬ್ಸ್’ ಯೋಜನೆಯು ದೂರದಲ್ಲಿದ್ದೇ ಪ್ರಯೋಗ ಮಾಡುವ ಅನುಕೂಲವನ್ನು ವಿಜ್ಞಾನ ವಿದ್ಯಾರ್ಥಿಗಳಿಗೆ ಒದಗಿಸಿದೆ.

ನಮ್ಮ ಸ್ಥಿತಿ

ಇನ್ನು ನಮ್ಮ ಮಾತಿಗೆ ಬರೋಣ. ನಮ್ಮಂತಹ ಸರ್ಕಾರಿ ಕಲಾ ಕಾಲೇಜಿನ ವಿದ್ಯಾರ್ಥಿಗಳಿಗೆ ದ್ವೀಪವೂ ಇಲ್ಲ, ಗೊಂಬೆಯೂ ಇಲ್ಲ. ನಮಗಿರುವ ಜಾಲವೆಂದರೆ ವಾಟ್ಸ್‌ಆ್ಯಪ್ ಗುಂಪು. 2020ರಲ್ಲಿ ಶಾಲಾ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನ ಹಳ್ಳಿಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿ ಕುಳಿತು ಪಾಠ ಕೇಳಿದುದನ್ನು ನಾವೆಲ್ಲರೂ ಬಲ್ಲೆವು. ಅಂದು ಆಪತ್ತಿಗೆಂದು ಬಂದ ಗುಂಪು ಇಂದು ನಿತ್ಯದ ರೂಢಿಯಾಗಿದೆ.

ಇದರಿಂದ ಉಪಕಾರವಾಗಿಲ್ಲವೆಂದರೆ ಕೃತಘ್ನತೆಯಾದೀತು. ನಮ್ಮಲ್ಲಿ ಹಲವರು ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು. ನನ್ನ ತಂದೆಯವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಬಿ.ಎ. ಆದ ಮೇಲೆ ಮುಂದೇನು, ಎಂ.ಎ.ಗೆ ಅರ್ಜಿ ಹಾಕುವುದು ಹೇಗೆ, ಯಾವ ಪರೀಕ್ಷೆಗೆ ಯಾವ ಪುಸ್ತಕ ಎಂದು ಕೇಳಿದರೆ ಅವರು, “ನಿಮ್ಮ ಮೇಷ್ಟ್ರನ್ನೇ ಕೇಳಪ್ಪಾ, ನನಗೇನು ಗೊತ್ತು?” ಎನ್ನುವರು. ಓದಿದವರ ಮನೆಯ ಮಗನಿಗೆ ಊಟದ ಹೊತ್ತಿನಲ್ಲಿ ತಾನಾಗಿ ಕಿವಿಗೆ ಬೀಳುವ ಸಂಗತಿಯನ್ನು ನಾವು ಹುಡುಕಿಕೊಂಡು ಹೋಗಬೇಕು. ಮಿಷಿಗನ್ನಿನ ಅಧ್ಯಾಪಕರು ಹೇಳಿದ ಬಂಡವಾಳವೆಂದರೆ ಇದೇ ಅಲ್ಲವೆ? ಎರಡು ವರ್ಷ ಹಿಂದೆ ಪದವಿ ಪಡೆದ ಹಿರಿಯರೊಬ್ಬರು ನಮ್ಮ ಗುಂಪಿನಲ್ಲಿ ಬರೆದ ಹತ್ತು ಸಾಲುಗಳಿಂದಲೇ ಸ್ನಾತಕೋತ್ತರ ಪ್ರವೇಶದ ಕ್ರಮವು ನನಗೆ ಮೊದಲು ತಿಳಿದುದು. ಅವರ ಮುಖವನ್ನು ನಾನು ಇಂದಿಗೂ ಕಂಡಿಲ್ಲ.

ಆದರೆ ಇದೇ ಗುಂಪಿನ ಇನ್ನೊಂದು ಮುಖವನ್ನೂ ಹೇಳದೆ ಬಿಡಲಾಗದು. ಕಳೆದ ವರ್ಷ ಒಂದು ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕವು ರಾತ್ರಿ ಒಂಬತ್ತು ಗಂಟೆಗೆ ಗುಂಪಿನಲ್ಲಿ ಬಂದಿತು. ಉಳಿದಿದ್ದುದು ಮೂರೇ ದಿನ. ಸೂಚನಾ ಫಲಕದ ಮೇಲೆ ಅದು ಬರಲಿಲ್ಲ; ಎಲ್ಲರೂ ನೋಡಿರುತ್ತಾರೆಂದು ತರಗತಿಯಲ್ಲಿಯೂ ಯಾರೂ ಹೇಳಲಿಲ್ಲ. ನಮ್ಮ ಸಹಪಾಠಿ ಒಬ್ಬಳ ಮನೆಯಲ್ಲಿರುವುದು ಒಂದೇ ಸ್ಮಾರ್ಟ್ ಫೋನು. ಅದು ಲಾರಿ ಓಡಿಸುವ ಅಣ್ಣನ ಜೇಬಿನಲ್ಲಿ ಊರೂರು ಸುತ್ತುವುದು. ಅವಳಿಗೆ ವಿಷಯ ತಿಳಿಯುವ ಹೊತ್ತಿಗೆ ದಿನ ಮುಗಿದಿತ್ತು. ಆ ಮೂರು ದಿನಗಳೂ ಅವಳು ತಪ್ಪದೆ ಕಾಲೇಜಿಗೆ ಬಂದಿದ್ದಳು. ನನ್ನ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದಳು. ನಾನು ಆ ಸೂಚನೆಯನ್ನು ಓದಿದ್ದೆ. ಅವಳಿಗೂ ತಿಳಿದಿರುವುದೆಂದು ಸುಮ್ಮನಿದ್ದೆ. ಪ್ರಪಂಚದ ಇನ್ನೊಂದು ತುದಿಯವರನ್ನು ಹತ್ತಿರಕ್ಕೆ ತರುವ ಜಾಲವು, ಎರಡಡಿ ದೂರದಲ್ಲಿ ಕುಳಿತವಳಿಗೆ ಒಂದು ಮಾತು ಹೇಳುವ ಅಭ್ಯಾಸವನ್ನು ನನ್ನಿಂದ ತಪ್ಪಿಸಿತ್ತು. ಈ ಲೇಖನವನ್ನು ಬರೆಯಲು ನನಗೆ ಪ್ರೇರಣೆಯಾದುದು ಆ ದಿನವೇ.

ಮಾಡತಕ್ಕುದೇನು?

ಮೇಲಿನ ವಿಚಾರದಿಂದ ಕೆಲವು ಸೂಚನೆಗಳನ್ನು ಅಧ್ಯಾಪಕರ ಮುಂದೆಯೂ ವಿದ್ಯಾರ್ಥಿ ಮಿತ್ರರ ಮುಂದೆಯೂ ವಿನಯಪೂರ್ವಕವಾಗಿ ಇಡಬಯಸುತ್ತೇನೆ.

ಮೊದಲನೆಯದಾಗಿ, ಪರೀಕ್ಷೆ, ಶುಲ್ಕ, ವಿದ್ಯಾರ್ಥಿವೇತನ ಇವುಗಳ ಸೂಚನೆ ಮೊದಲು ಫಲಕದ ಮೇಲೆ ಬರಲಿ, ತರಗತಿಯಲ್ಲಿ ಓದಿ ಹೇಳಲ್ಪಡಲಿ. ಆ ಬಳಿಕ ಗುಂಪಿಗೆ ಹೋಗಲಿ. ಗೋಡೆಯ ಮೇಲಿನ ಕಾಗದಕ್ಕೆ ಚಾರ್ಜೂ ಬೇಡ, ಕರೆನ್ಸಿಯೂ ಬೇಡ.

ಎರಡನೆಯದಾಗಿ, ಸಾಮಾನ್ಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ದೂರವಾಣಿ ಸಂಖ್ಯೆ ಉಳಿದವರೆಲ್ಲರಿಗೂ ಕಾಣುವುದು. ಇದರಿಂದ ವಿದ್ಯಾರ್ಥಿನಿಯರಿಗೆ ಆಗುವ ಕಿರುಕುಳವನ್ನು ಎಲ್ಲರೂ ಬಲ್ಲರು. ಸೇರಿಸುವ ಮುನ್ನ ಒಪ್ಪಿಗೆ ಕೇಳುವುದೂ, ಸೇರದವರಿಗೆ ನಷ್ಟವಾಗದಂತೆ ನೋಡುವುದೂ ಅಗತ್ಯ.

ಮೂರನೆಯದಾಗಿ, ತರಗತಿಯಲ್ಲಿ ಹೇಳಿದುದನ್ನೇ ಗುಂಪಿನಲ್ಲಿ ಮತ್ತೆ ತುಂಬುವುದರಿಂದ ಬರಿದಾದ ದ್ವೀಪಗಳ ಗತಿಯೇ ಆದೀತು. ತರಗತಿಯಲ್ಲಿ ಸಾಧ್ಯವಾಗದುದನ್ನು ಅಲ್ಲಿ ಮಾಡೋಣ. ಇತಿಹಾಸದ ವಿದ್ಯಾರ್ಥಿಗಳು ತಂತಮ್ಮ ಊರಿನ ವೀರಗಲ್ಲು, ಶಾಸನಗಳ ಚಿತ್ರವನ್ನು ಹಂಚಿಕೊಳ್ಳಲಿ. ಕನ್ನಡದ ವಿದ್ಯಾರ್ಥಿಗಳು ಅಜ್ಜಿಯರು ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಕೇಳಿಸಲಿ. ಎದ್ದು ನಿಂತು ಪ್ರಶ್ನೆ ಕೇಳಲು ನಾಚುವವರು ಅಲ್ಲಿ ಬರೆದು ಕೇಳಲಿ.

ನಾಲ್ಕನೆಯದಾಗಿ, ಹಳೆಯ ವಿದ್ಯಾರ್ಥಿಗಳನ್ನೂ ಹೊಸಬರನ್ನೂ ಜೋಡಿಸುವ ಗುಂಪೊಂದು ಇರಲಿ. ಮನೆಯಲ್ಲಿ ದಾರಿ ತೋರುವವರಿಲ್ಲದ ನಮಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಕೊನೆಯದು ಅಧಿಕಾರಿಗಳಿಗೆ ಸಂಬಂಧಿಸಿದುದಲ್ಲ, ನಮಗೇ ಸಂಬಂಧಿಸಿದುದು. ಫೋನುಳ್ಳ ಪ್ರತಿಯೊಬ್ಬನೂ ಬೆಳಿಗ್ಗೆ ತರಗತಿಗೆ ಬಂದೊಡನೆ, ರಾತ್ರಿ ಬಂದ ಸೂಚನೆಯನ್ನು ಪಕ್ಕದವರಿಗೆ ಬಾಯಿಬಿಟ್ಟು ಹೇಳಲಿ. ಇದಕ್ಕೆ ಯಾವ ಯಂತ್ರವೂ ಬೇಡ.

ಸಾಧನಗಳು ಬರುತ್ತವೆ, ಹೋಗುತ್ತವೆ. ಹಂಚಿದ ಪುಸ್ತಕ ಹೋಗಿ ಫೇಸ್‌ಬುಕ್ ಬಂದಿತು. ದ್ವೀಪಗಳು ಎದ್ದವು, ಬರಿದಾದವು. ವಾಟ್ಸ್‌ಆ್ಯಪಿನ ಬದಲು ನಾಳೆ ಇನ್ನೊಂದು ಬರಬಹುದು. ಯಾವುದು ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಯಾರು ಒಳಗೆ ಬಂದರು, ಯಾರು ಹೊರಗೆ ಉಳಿದರು? ಈ ವರ್ಷ ಅದೇ ವಿದ್ಯಾರ್ಥಿವೇತನದ ಸೂಚನೆ ಬಂದಾಗ ನಾನು ಅದನ್ನು ಒಂದು ಹಾಳೆಯ ಮೇಲೆ ಬರೆದು, ಅಧ್ಯಾಪಕರ ಅನುಮತಿ ಪಡೆದು, ಫಲಕಕ್ಕೆ ಅಂಟಿಸಿದೆ. ನಮ್ಮ ಸಹಪಾಠಿಯು ಅರ್ಜಿ ಸಲ್ಲಿಸಿದ್ದಾಳೆ.